ಅರಿಶಿನದ ಅಮ್ಮ

ನಮ್ಮ ಅಮ್ಮನ ಫೋಟೋ ಇರುವುದು ಒಂದೇ ಒಂದು. ಬೆಳಗಿನ ಇಡ್ಲಿಗೂ ನಾಲ್ಕು ಫೋಟೋ ತೆಗೆಯುವ ಈ ಕಾಲದ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ಮೂವತ್ತೆರಡು ವರ್ಷ ಬದುಕಿದ್ದ ಅಮ್ಮ ಕ್ಯಾಮರಾದ ಮುಂದೆ ಕುಳಿತದ್ದು ಒಂದೇ ಸಲ, 1971ರಲ್ಲಿ, ಚಿಂತಾಮಣಿಯ ಒಂದು ಸ್ಟುಡಿಯೋದಲ್ಲಿ. ಅದೂ ತನಗಾಗಿ ಕುಳಿತದ್ದಲ್ಲ. ಎರಡು ವರ್ಷದ ನನ್ನ ತಮ್ಮನ ಮುಡಿಯನ್ನು ತಿರುಪತಿಯಲ್ಲಿ ಕೊಡುವುದಿತ್ತು. ಅದಕ್ಕೆ ಮುಂಚೆ ಅವನಿಗೆ ಮೊಗ್ಗಿನ ಜಡೆ ಹಾಕಿಸಿ ಒಂದು ಫೋಟೋ ತೆಗೆಸಬೇಕೆಂದು ಅಪ್ಪನ ಹಟ. ಆ ಮಹಾರಾಯ ಕುರ್ಚಿಯ ಮೇಲೆ ಒಬ್ಬನೇ ಕೂರಲೊಲ್ಲದೆ ಸ್ಟುಡಿಯೋ ಸೂರು ಹಾರಿಹೋಗುವಂತೆ ಅತ್ತ. ಕಡೆಗೆ ಅಮ್ಮನೇ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಹತ್ತು ವರ್ಷದ ನಾನು ಕ್ಯಾಮರಾದ ಪಕ್ಕ ನಿಂತು ಗಿಲಕಿ ಆಡಿಸುತ್ತಿದ್ದೆ. ಫೋಟೋ ಬಂದಾಗ ನೋಡಿದರೆ ತಮ್ಮನ ಮುಖ, ಮೊಗ್ಗಿನ ಜಡೆ ಎಲ್ಲ ಮಸುಕು. ಅಲುಗಾಡದೆ ಕುಳಿತ ಅಮ್ಮ ಮಾತ್ರ ಅಚ್ಚೊತ್ತಿದ ಹಾಗೆ ಬಂದಿದ್ದಳು. ದುಡ್ಡು ದಂಡವಾಯಿತೆಂದು ಅಪ್ಪ ಗೊಣಗಿದರು. 1974ರಲ್ಲಿ ಹತ್ತು ದಿನದ ಜ್ವರದಲ್ಲಿ ಅಮ್ಮ ಹೋದ ಮೇಲೆ ಅದೇ ಫೋಟೋಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದವರೂ ಅವರೇ.

ಅಪ್ಪ ತೀರಿಕೊಂಡ ಮೇಲೆ ಆ ಫೋಟೋ ನನ್ನ ಜೊತೆ ಶಿಡ್ಲಘಟ್ಟಕ್ಕೆ ಬಂತು. ತಮ್ಮ ಜಮೀನು ತೆಗೆದುಕೊಂಡ, ನೀನು ಗೋಡೆಯ ಮೇಲಿದ್ದ ಅಮ್ಮನನ್ನು ತೆಗೆದುಕೊಂಡೆ ಎಂದು ನಮ್ಮ ಯಜಮಾನರು ಈಗಲೂ ಹಾಸ್ಯ ಮಾಡುತ್ತಾರೆ. ಶಿಡ್ಲಘಟ್ಟ ಎಂದರೆ ರೇಷ್ಮೆ ಎಂಬುದು ನಿಮಗೆ ಗೊತ್ತೇ ಇದೆ. ನಮ್ಮ ಮನೆಯ ಹಿಂಗೋಡೆಗೆ ತಾಗಿದಂತೆಯೇ ನೂಲು ಬಿಚ್ಚುವ ಶೆಡ್ಡು ಇತ್ತು. ಬೆಳಗಾದರೆ ಕುದಿಯುವ ನೀರು, ಅದರ ಆವಿ, ಬೆಂದ ಹುಳುವಿನ ವಾಸನೆ. ಹೊಸದಾಗಿ ಬಂದವರು ಮೂಗಿಗೆ ಸೆರಗು ಹಿಡಿಯುತ್ತಾರೆ. ನಮಗೆ ಅದು ಅನ್ನದ ವಾಸನೆ. ಆ ಆವಿ ಗೋಡೆಯೊಳಗಿಳಿದು, ಆಚೆ ಬದಿಯಲ್ಲಿ ತೂಗುತ್ತಿದ್ದ ಅಮ್ಮನ ಬೆನ್ನನ್ನು ವರ್ಷಗಟ್ಟಲೆ ತೋಯಿಸುತ್ತಿದೆ ಎಂಬುದು ಮಾತ್ರ ನನಗೆ ಹೊಳೆಯಲೇ ಇಲ್ಲ.

ಹೋದ ವರ್ಷ ಯುಗಾದಿಗೆ ಧೂಳು ಹೊಡೆಯುವಾಗ ಫೋಟೋ ಕೆಳಗಿಳಿಸಿ ಬೆಳಕಿಗೆ ಹಿಡಿದೆ. ಎದೆ ಧಸಕ್ಕೆಂದಿತು. ಅಮ್ಮನ ಎಡಗೆನ್ನೆಯ ಮೇಲೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿತ್ತು. ಸೀರೆಯ ಕಪ್ಪಿರುವ ಕಡೆಯೆಲ್ಲ ನೀಲಿ ಬೆರೆತ ಬೆಳ್ಳಿಯ ಹೊಳಪು. ಒರೆಸೋಣವೆಂದು ಹಿಂದಿನ ಮೊಳೆ ಕಿತ್ತು ಚಿತ್ರವನ್ನು ಎಳೆದರೆ ಅದು ಬರುವುದಿಲ್ಲ, ಗಾಜಿಗೇ ಅಂಟಿಕೊಂಡುಬಿಟ್ಟಿದೆ. ಇನ್ನೊಂದು ಸ್ವಲ್ಪ ಎಳೆದೆ. ಮೂಲೆಯಲ್ಲಿದ್ದ ಹೂದಾನಿ ಕಾಗದ ಬಿಟ್ಟು ಗಾಜಿನ ಮೇಲೆ ಉಳಿಯಿತು. ಕೈ ನಡುಗಿ ಅಲ್ಲಿಗೇ ನಿಲ್ಲಿಸಿ ಚಿಕ್ಕಬಳ್ಳಾಪುರದಲ್ಲಿರುವ ತಮ್ಮನಿಗೆ ಫೋನು ಮಾಡಿದೆ.

ಅವನು ಭಾನುವಾರ ಮಗಳನ್ನೂ ಕರೆದುಕೊಂಡು ಬಂದ. ಈ ಹುಡುಗಿ ಬೆಂಗಳೂರಿನಲ್ಲಿ ಚಿತ್ರಕಲೆ ಓದಿದವಳು; ಫೋಟೋಗ್ರಫಿಯೇ ತನ್ನ ಕಲೆ ಎನ್ನುತ್ತಾಳೆ. ನಾನು ಮೊದಮೊದಲು ಬಹಳ ಖುಷಿಪಟ್ಟಿದ್ದೆ. ನಮ್ಮ ಕಾಲದಲ್ಲಿ ಪ್ರಕೃತಿಯ ಫೋಟೋ ಎಂದರೆ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ. ಗೂಡಿನಲ್ಲಿ ಮರಿಗೆ ಗುಟುಕು ಕೊಡುವ ಹಕ್ಕಿ, ನೀರಿಗಿಳಿದ ಆನೆ. ಇವಳೂ ನಂದಿಬೆಟ್ಟದ ಮಂಜು, ಹಕ್ಕಿ, ಚಿಟ್ಟೆ ತೆಗೆಯುತ್ತಾಳೆ, ಒಂದನ್ನು ನಮ್ಮ ನಡುಮನೆಗೆ ಕಟ್ಟು ಹಾಕಿಸೋಣ ಎಂದುಕೊಂಡಿದ್ದೆ. ಇವಳು ಒಂದು ದಿನ ತಂದು ತೋರಿಸಿದ್ದು ಕಂದವಾರ ಕೆರೆಯ ಫೋಟೋವಂತೆ. ಅದರಲ್ಲಿ ಕೆರೆಯೂ ಇಲ್ಲ, ಕೋಡಿಯೂ ಇಲ್ಲ. ಹಳದಿ, ನೇರಳೆ ಬಣ್ಣಗಳು ಹರಿದುಹೋಗಿ ಮಗು ಬಣ್ಣದ ಬಟ್ಟಲು ಉರುಳಿಸಿದ ಹಾಗಿತ್ತು. ಕೆರೆಯ ಫೋಟೋವನ್ನು ಅದೇ ಕೆರೆಯ ನೀರಿನಲ್ಲಿ ದಿನಗಟ್ಟಲೆ ನೆನೆಹಾಕಿದ್ದಳಂತೆ! ಅಮೆರಿಕದ ಮ್ಯಾಥ್ಯೂ ಬ್ರಾಂಟ್ ಎಂಬ ಕಲಾವಿದ ತನ್ನ ದೇಶದ ಕೆರೆಗಳ ಚಿತ್ರಗಳನ್ನು ಹೀಗೆ ಆಯಾ ಕೆರೆಯ ನೀರಿನಲ್ಲೇ ನೆನೆಸಿ ಹೆಸರಾದವನು, ಅವನನ್ನು ನೋಡಿ ಕಲಿತೆ ಎಂದಳು. "ಅತ್ತೆ, ಈ ಕೆರೆಗೆ ಬರುವುದು ಬೆಂಗಳೂರಿನವರು ಬಳಸಿದ ನೀರು, ಶುದ್ಧ ಮಾಡಿ ಬಿಡುತ್ತಾರೆ. ಆ ನೀರು ತನ್ನ ಕೆರೆಯನ್ನು ತಾನೇ ಬರೆದಿದೆ ಅಂದುಕೊಳ್ಳಿ." ಒಳ್ಳೆ ಫೋಟೋ ಕೆಡಿಸಿಕೊಂಡು ಅದಕ್ಕೊಂದು ಶಾಸ್ತ್ರ ಬೇರೆ ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದೆ.

ಅದೇ ಹುಡುಗಿ ಈಗ ಅಮ್ಮನ ಫೋಟೋ ಕಂಡದ್ದೇ ನನ್ನ ಕೈ ಹಿಡಿದಳು. "ಎಳೆಯಬೇಡಿ ಅತ್ತೆ. ಮುಖ ಗಾಜಿಗೆ ಬಂದುಬಿಡುತ್ತೆ." ಆಮೇಲೆ ಕುಳಿತು ಬಿಡಿಸಿ ಹೇಳಿದಳು. ಹಳೆಯ ಕಪ್ಪುಬಿಳುಪು ಚಿತ್ರದಲ್ಲಿ ಕಪ್ಪಾಗಿ ಕಾಣುವುದು ಬೆಳ್ಳಿಯಂತೆ, ಸಾಕ್ಷಾತ್ ಬೆಳ್ಳಿಯ ಸಣ್ಣ ಕಣಗಳು. ಅವನ್ನು ಕಾಗದಕ್ಕೆ ಹಿಡಿದಿಡುವುದು ಗೆಲಟಿನ್ ಎಂಬ ಅಂಟು. ದನದ ಮೂಳೆ, ಚರ್ಮ ಬೇಯಿಸಿ ತೆಗೆಯುವಂಥದ್ದು. ತೇವ ತಾಗಿದರೆ ಆ ಅಂಟು ಮೆತ್ತಗಾಗಿ ಗಾಜನ್ನು ಹಿಡಿದುಕೊಳ್ಳುತ್ತದೆ. ಬೂಷ್ಟಿಗೆ ಅದೇ ಆಹಾರ. ಒಳಗಿದ್ದ ಬೆಳ್ಳಿ ಕರಗಿ ಮೇಲೆ ಬಂದು ಹೊಳೆಯುತ್ತದೆ.

ನಾನು ಬೆರಗಾದೆ. ರೇಷ್ಮೆಗೂಡಿನದೂ ಇದೇ ಕತೆಯಲ್ಲವೇ? ಹುಳು ತನ್ನ ಬಾಯಿಂದ ಬಿಡುವುದು ಒಂದೇ ಎಳೆ. ಒಳ್ಳೆಯ ದ್ವಿತಳಿ ಗೂಡಾದರೆ ಒಂದರಲ್ಲೇ ಸಾವಿರ ಮೀಟರಿನಷ್ಟು. ಅದನ್ನು ಗೂಡಾಗಿ ಹಿಡಿದಿಡುವುದು ಅದರ ಮೈಮೇಲಿನ ಅಂಟು. ಬಿಸಿನೀರಿನಲ್ಲಿ ಅಂಟು ಸಡಿಲವಾದರೆ ಎಳೆ ಬಿಚ್ಚಿಕೊಳ್ಳುತ್ತದೆ. ಗೂಡು ಗೂಡಾಗಿಯೇ ಇರಬೇಕೆಂದರೆ ಸೀರೆ ಆಗುವುದಿಲ್ಲ. ಒಂದು ಆವಿ ನಮಗೆ ಅನ್ನ ಕೊಟ್ಟಿತು, ಅದೇ ಆವಿ ಗೋಡೆಯಾಚೆ ಅಮ್ಮನನ್ನು ಬಿಚ್ಚಿತು. ಹಾಗೆಂದು ಸಮಾಧಾನವಾಯಿತೇ? ಇಲ್ಲ. ಸೀರೆಗೆ ಕೊಟ್ಟ ಗೂಡಿಗಾಗಿ ಯಾರೂ ಅಳುವುದಿಲ್ಲ, ಇದು ಅಮ್ಮ.

ತಮ್ಮ ಮಾತಾಡದೆ ಮೊಬೈಲಿನಲ್ಲಿ ಆ ಫೋಟೋದ ಫೋಟೋ ತೆಗೆದುಕೊಂಡು ಹೋದ. ಹತ್ತು ದಿನ ಬಿಟ್ಟು, ಎರಡಡಿ ಎತ್ತರದ ಕಟ್ಟು ಹಾಕಿಸಿದ ಚಿತ್ರ ಹೊತ್ತು ಬಂದ. ಈಗೆಲ್ಲ ಹಳೆಯ ಫೋಟೋ ಕೊಟ್ಟರೆ ಕಂಪ್ಯೂಟರೇ ಹರಿದದ್ದು ಸೇರಿಸಿ, ಬಣ್ಣ ಹಚ್ಚಿ ಹೊಸದು ಮಾಡಿಬಿಡುತ್ತದೆ. ಹಾಲಿನಂಥ ಮೈಬಣ್ಣದ ಒಬ್ಬ ಹೆಂಗಸು ಕೆಂಪು ಜರಿ ಸೀರೆಯುಟ್ಟು ನಗುತ್ತಿದ್ದಳು. ಕುತ್ತಿಗೆಯಲ್ಲಿ ಎರಡೆಳೆ ಕಾಸಿನ ಸರ.

"ಇದು ಯಾರೋ?" ಎಂದೆ.

"ಅಮ್ಮ ಕಣಕ್ಕ."

"ಅಮ್ಮನ ಕುತ್ತಿಗೇಲಿ ಕಾಸಿನ ಸರ ಯಾವತ್ತಿತ್ತು?"

"ಸ್ಟುಡಿಯೋದವನೇ ಹಾಕ್ದ. ಚೆನ್ನಾಗಿ ಕಾಣ್ಲಿ ಅಂತ. ಮುಂದಿನ ತಿಂಗಳು ತಿಥಿಗೆ ಇದನ್ನೇ ಇಡೋಣ."

ನನಗೆ ಎಲ್ಲಿತ್ತೋ ಕೋಪ. ಇಂಥ ಬೊಂಬೆಗೆ ಎಡೆ ಇಡುವುದಾದರೆ ನಾನು ತಿಥಿಗೇ ಬರುವುದಿಲ್ಲ ಎಂದುಬಿಟ್ಟೆ. ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮೆಲ್ಲಗೆ ಅಂದ: "ನಿನಗೆ ಅವಳು ನೆನಪಿದಾಳೆ ಅಕ್ಕ. ನನಗೇನಿದೆ? ಆ ಫೋಟೋದಲ್ಲಿ ನನ್ನ ಮುಖ ಮೊದ್ಲೇ ಇರ್ಲಿಲ್ಲ. ಈಗ ಅವಳದೂ ಹೋಯ್ತು." ಚಿತ್ರವನ್ನು ಎತ್ತಿಕೊಂಡು ಕಾಫಿಯನ್ನೂ ಕುಡಿಯದೆ ಹೊರಟುಹೋದ. ಅಮ್ಮ ಸತ್ತಾಗ ಅವನಿಗೆ ಐದು ವರ್ಷ. ಐವತ್ತು ವರ್ಷದಲ್ಲಿ ಅವನು ಹೀಗೆ ಮುನಿಸಿಕೊಂಡು ಹೋದದ್ದು ಅದೇ ಮೊದಲು.

ಸೊಸೆಯಾಗಬೇಕಾದ ಹುಡುಗಿ ಮಾತ್ರ ನನ್ನ ಜೊತೆ ಉಳಿದಳು. ಅಮ್ಮನಿಗೆ ಕಾಸಿನ ಸರ ಇರಲಿಲ್ಲವೆಂದು ಅಷ್ಟು ಖಂಡಿತವಾಗಿ ಹೇಗೆ ಹೇಳುತ್ತೀರಿ ಎಂದು ಕೇಳಿದಳು. ನಾನು ಯಾರಿಗೂ ಹೇಳದಿದ್ದ ಸಂಗತಿ ಹೇಳಿದೆ. ಆ ವರ್ಷ ನಮ್ಮ ಹುಳುವಿನ ಬೆಳೆಗೆ ಸುಣ್ಣಕಟ್ಟು ರೋಗ ಬಂದಿತ್ತು. ಹಣ್ಣಾಗಿ ಗೂಡು ಕಟ್ಟಬೇಕಿದ್ದ ಹುಳುಗಳು ತಟ್ಟೆಯಲ್ಲೇ ಸೀಮೆಸುಣ್ಣದಂತೆ ಬೆಳ್ಳಗೆ ಸೆಟೆದುಕೊಂಡವು. ಸಾಲಕ್ಕೆ ಅಮ್ಮನ ಚಿನ್ನದ ಸರ ಹೋಯಿತು. ತಾಳಿಯನ್ನು ಅರಿಶಿನದ ದಾರಕ್ಕೆ ಪೋಣಿಸಿ ಕಟ್ಟಿಕೊಂಡಳು. ಹಿಪ್ಪುನೇರಳೆ ತೋಟದ ಬಿಸಿಲಿಗೆ ದಾರದ ಬಣ್ಣ ಹಾರಿ ಬೆಳ್ಳಗಾಗುತ್ತಿತ್ತು. ಶುಕ್ರವಾರ ತಲೆಗೆ ನೀರು ಹಾಕಿಕೊಂಡು, ಅರಿಶಿನ ತೇಯ್ದು ಮತ್ತೆ ದಾರಕ್ಕೆ ಹಚ್ಚುತ್ತಿದ್ದಳು. ಫೋಟೋದಲ್ಲಿ ಅವಳ ಕುತ್ತಿಗೆಯಲ್ಲಿ ಕಾಣುವ ಸಣ್ಣ ಗೆರೆ ಅದೇ. ಸರ ಬಿಡಿಸಿಕೊಳ್ಳುವ ಮೊದಲೇ ಹೋಗಿಬಿಟ್ಟಳು.

ಹುಡುಗಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅರಿಶಿನ ಬಿಸಿಲಿಗೆ ಹೋಗುತ್ತೆ ಅಂತ ಅಜ್ಜಿಗೆ ಗೊತ್ತಿತ್ತಾ?" ಎಂದಳು. ಒಳ್ಳೆ ಪ್ರಶ್ನೆ! ಯಾವ ಹೆಂಗಸಿಗೆ ಗೊತ್ತಿಲ್ಲ ಹೇಳಿ. ಬಿಳಿ ರವಿಕೆಗೆ ಸಾರಿನ ಕಲೆಯಾದರೆ ಸೋಪು ಹಾಕಿ ಉಜ್ಜಿ ಸೋತ ಮೇಲೆ ಬಿಸಿಲಿಗೆ ಹರವುತ್ತೇವೆ; ಸಂಜೆಯ ಹೊತ್ತಿಗೆ ಕಲೆ ಮಾಯ. "ಹಾಗಾದರೆ ನಿಮಗೆ ಫೋಟೋಗ್ರಫಿ ಅರ್ಧ ಬರುತ್ತೆ ಅತ್ತೆ," ಎಂದು ನಕ್ಕಳು.

ಮರುದಿನ ಅವಳು ನನ್ನ ಅಡುಗೆಮನೆಯ ಅರಿಶಿನವನ್ನು ಸ್ಪಿರಿಟ್ಟಿನಲ್ಲಿ ಕದಡಿ ಸೋಸಿ, ದಪ್ಪ ಕಾಗದಕ್ಕೆ ಬಳಿದು ಕತ್ತಲಲ್ಲಿ ಒಣಗಿಸಿದಳು. ಅದರ ಮೇಲೆ ಹಿಪ್ಪುನೇರಳೆಯ ಎಲೆಯೊಂದನ್ನಿಟ್ಟು, ಗಾಜು ಮುಚ್ಚಿ ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟಳು. ಚೈತ್ರದ ಬಿಸಿಲು, ಶಿಡ್ಲಘಟ್ಟದ ಬಿಸಿಲು. ಹಪ್ಪಳ ಕಾಯುವ ಹಾಗೆ ಇಬ್ಬರೂ ಕಾದೆವು. ಸಂಜೆ ಎಲೆ ಎತ್ತಿದರೆ ಸುತ್ತಲಿನ ಹಳದಿಯೆಲ್ಲ ಪೇಲವವಾಗಿ, ಎಲೆಯಿದ್ದ ಕಡೆ ಮಾತ್ರ ಅಪ್ಪಟ ಅರಿಶಿನದ ಎಲೆಯೊಂದು ಉಳಿದಿತ್ತು. ಅದನ್ನು ಅಡುಗೆ ಸೋಡಾದ ನೀರಿನಲ್ಲಿ ಅದ್ದಿದಳು. ಹಳದಿ ಕೆಂಪಿಗೆ ತಿರುಗಿತು. ಅರಿಶಿನಕ್ಕೆ ಸುಣ್ಣ ಬೆರೆಸಿದ ಆರತಿ ತಟ್ಟೆಯ ನೀರಿನ ಬಣ್ಣ! ಮದುವೆ, ಬಾಣಂತನ, ಗೃಹಪ್ರವೇಶ ಎಂದು ಎಷ್ಟು ಸಲ ಕದಡಿದ್ದೇನೋ, ಅದರಲ್ಲಿ ಒಂದು ವಿದ್ಯೆ ಇದೆಯೆಂದು ಯೋಚಿಸಿರಲಿಲ್ಲ.

ರಾತ್ರಿ ಮಾಳಿಗೆಯ ಮೇಲೆ ಮಲಗಿ ಆ ಹುಡುಗಿ ಕತೆ ಹೇಳಿದಳು. ಹೂವು, ಎಲೆಯ ರಸದ ಮೇಲೆ ಬಿಸಿಲಿನಿಂದ ಚಿತ್ರ ಮೂಡಿಸುವುದನ್ನು ಇಂಗ್ಲೆಂಡಿನ ಜಾನ್ ಹರ್ಷೆಲ್ 1842ರ ಹೊತ್ತಿಗೇ ಪರೀಕ್ಷಿಸಿದ್ದನಂತೆ. ಮೇರಿ ಸೋಮರ್‌ವಿಲ್ ಎಂಬ ವಿದ್ವಾಂಸೆಯೂ ಗಿಡಗಳ ರಸದ ಮೇಲೆ ಪ್ರಯೋಗ ಮಾಡಿದ್ದಳು. ಅಲ್ಲಿನ ರಾಯಲ್ ಸೊಸೈಟಿಯಲ್ಲಿ ಆಗ ಹೆಂಗಸರಿಗೆ ಸದಸ್ಯತ್ವವಿರಲಿಲ್ಲ. ಅವಳು ಹರ್ಷೆಲ್‌ಗೆ ಬರೆದ ಕಾಗದದ ರೂಪದಲ್ಲಿ ಆ ಪ್ರಯೋಗ 1846ರಲ್ಲಿ ಅವರ ಪತ್ರಿಕೆಯಲ್ಲಿ ಅಚ್ಚಾಯಿತು. ಅದೇ ಹರ್ಷೆಲ್ ಕಂಡುಹಿಡಿದ ಇನ್ನೊಂದು ವಿಧಾನದಲ್ಲಿ, ಕಬ್ಬಿಣದ ಲವಣ ಬಳಿದ ಕಾಗದ ಬಿಸಿಲಿಗೆ ನೀಲಿಯಾಗುತ್ತದೆ. ಆನಾ ಅಟ್ಕಿನ್ಸ್ ಎಂಬ ಹೆಂಗಸು ಕಡಲ ಪಾಚಿಗಳನ್ನು ಅಂಥ ಕಾಗದದ ಮೇಲಿಟ್ಟು ಚಿತ್ರ ತೆಗೆದು 1843ರಿಂದ ಪುಸ್ತಕವಾಗಿ ಹೊರತರತೊಡಗಿದಳು. ಫೋಟೋಗಳಿದ್ದ ಮೊದಲ ಪುಸ್ತಕ ಎಂದು ಅದಕ್ಕೆ ಹೆಸರು. ಕ್ಯಾಮರಾವನ್ನು ಮುಟ್ಟದೆ ಮಾಡಿದ ಫೋಟೋ! ಎಂಜಿನಿಯರುಗಳ ನೀಲಿ ನಕ್ಷೆಗಳು ಆ ಮೇಲೆ ಬಂದದ್ದು ಇದೇ ಉಪಾಯದಿಂದ. ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಕಾಲದ ಎಂಜಿನಿಯರುಗಳೆಲ್ಲ ಬಿಡಿಸಿ ನೋಡುತ್ತಿದ್ದ ನಕ್ಷೆಗಳ ನೀಲಿ ಅದು.

ಈಗಿನವರು ಇನ್ನೂ ಮುಂದೆ ಹೋಗಿದ್ದಾರೆ. ಸೂಸನ್ ಡರ್ಜಸ್ ಎಂಬ ಇಂಗ್ಲೆಂಡಿನ ಕಲಾವಿದೆ ರಾತ್ರಿ ಹೊತ್ತು ಫೋಟೋ ಕಾಗದವನ್ನು ಹೊಳೆಯ ನೀರಿನೊಳಗೆ ಮುಳುಗಿಸಿ, ಮೇಲಿಂದ ಕ್ಷಣಮಾತ್ರ ಬೆಳಕು ಹಾಯಿಸಿ, ಹರಿಯುವ ನೀರಿನ ಅಲೆಯನ್ನೇ ಅಚ್ಚು ಹಾಕಿಸಿಕೊಂಡಳು. ವಿಯೆಟ್ನಾಮಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಬಿನ್ ಡಾನ್, ಯುದ್ಧ ಕಂಡವರ ಮುಖಗಳನ್ನು ಹಸಿರೆಲೆಗಳ ಮೇಲೆ ಬಿಸಿಲಿನಿಂದಲೇ ಮೂಡಿಸಿದ. ಇಂಗ್ಲೆಂಡಿನ ಆಕ್ರಾಯ್ಡ್ ಮತ್ತು ಹಾರ್ವಿ ಎಂಬ ಜೋಡಿ ಹುಲ್ಲಿನ ಬೀಜವನ್ನು ಗೋಡೆಗೆ ಮೆತ್ತಿ, ಕತ್ತಲ ಕೋಣೆಯಲ್ಲಿ ಚಿತ್ರದ ಬೆಳಕು ಬಿಟ್ಟು ಬೆಳೆಸುತ್ತಾರೆ. ಬೆಳಕು ಬಿದ್ದಲ್ಲಿ ಹಸಿರು, ನೆರಳಲ್ಲಿ ಹಳದಿ. ಹುಲ್ಲಿನಲ್ಲೇ ಮುಖ ಕಾಣುತ್ತದೆ. ಮದುವೆಮನೆಯ ಕತ್ತಲ ಮೂಲೆಯಲ್ಲಿಟ್ಟ ನವಧಾನ್ಯದ ಮೊಳಕೆ ಹಳದಿಯಾಗುವುದನ್ನು ಕಂಡವಳಾದ್ದರಿಂದ ನನಗೆ ಇದು ಥಟ್ಟನೆ ಅರ್ಥವಾಯಿತು. "ಹುಲ್ಲು ಒಣಗಿದ ಮೇಲೆ?" ಎಂದು ಕೇಳಿದೆ. "ಮುಖವೂ ಹೋಗುತ್ತೆ ಅತ್ತೆ. ಅದಕ್ಕೇ ನೋಡುವವರು ಅಷ್ಟು ಹೊತ್ತು ನಿಂತು ನೋಡ್ತಾರೆ."

ಆ ಮಾತು ಕೇಳಿ ನನಗೆ ಗೌರಿಬಿದನೂರಿನ ಕಡೆಯ ಅಮ್ಮನ ತವರು ನೆನಪಾಯಿತು. ಬೇಸಿಗೆ ರಜೆಯಲ್ಲಿ ಅಜ್ಜಿ ನಮ್ಮನ್ನು ವಿದುರಾಶ್ವತ್ಥಕ್ಕೆ ಕರೆದೊಯ್ಯುತ್ತಿದ್ದರು. 1938ರ ಏಪ್ರಿಲ್ 25ರಂದು ಬಾವುಟ ಹಿಡಿದವರ ಮೇಲೆ ಪೊಲೀಸರು ಗುಂಡು ಹಾರಿಸಿದ ಊರು ಅದು. ಅಲ್ಲಿ ಹರಕೆ ಹೊತ್ತವರು ಪ್ರತಿಷ್ಠೆ ಮಾಡಿದ ನಾಗರಕಲ್ಲುಗಳು ಎಷ್ಟೆಂದು ಎಣಿಸಲಾಗದು. ತಲೆತಲಾಂತರದ ಹೆಂಗಸರು ಅರಿಶಿನ ಮೆತ್ತಿ, ಹಾಲೆರೆದು, ಕೈಯಾಡಿಸಿ ಕೆಲವು ಕಲ್ಲುಗಳಲ್ಲಿ ಹೆಡೆ ಯಾವುದು, ಕಣ್ಣು ಯಾವುದು ಗೊತ್ತಾಗುವುದಿಲ್ಲ. ಅಮ್ಮ ಅಂಥದೇ ಒಂದು ಸವೆದ ಕಲ್ಲಿನ ಮುಂದೆ ಕೂರುತ್ತಿದ್ದಳು. ಆ ಕಲ್ಲು ಹಾಳಾಗಿದೆ, ಹೊಸದಾಗಿ ಕೆತ್ತಿಸಿ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಬೆಳಗ್ಗೆ ಎದ್ದವಳೇ, "ಅಮ್ಮನನ್ನೂ ಅರಿಶಿನದಲ್ಲಿ ಮಾಡೋಕಾಗುತ್ತಾ?" ಎಂದು ಕೇಳಿದೆ.

ಅವಳು ಬೂಷ್ಟು ಹಿಡಿದ ಫೋಟೋವನ್ನು ಗಾಜಿನ ಸಮೇತ ಹಾಗೆಯೇ ಮೊಬೈಲಿನಲ್ಲಿ ತೆಗೆದು, ಜೆರಾಕ್ಸ್ ಅಂಗಡಿಯಲ್ಲಿ ಪಾರದರ್ಶಕ ಹಾಳೆಯ ಮೇಲೆ ಅಚ್ಚು ಹಾಕಿಸಿ ತಂದಳು. ಬೂಷ್ಟನ್ನು ಅಳಿಸಬೇಡ ಎಂದು ನಾನೇ ಹೇಳಿದ್ದೆ. ಅರಿಶಿನ ನಾನು ಬಳಿದೆ. ಎರಡು ದಿನ ಬಿಸಿಲು ಕುಡಿಸಿದೆವು. ಎರಡನೆಯ ಸಂಜೆ ಹಾಳೆ ಎತ್ತಿದಾಗ, ಬಾಯಲ್ಲಿ ಮಾತು ಹೊರಡಲಿಲ್ಲ. ಹಳದಿಯೊಳಗಿಂದ ಅಮ್ಮ ನೋಡುತ್ತಿದ್ದಳು. ಒಂದು ಕೆನ್ನೆಯಲ್ಲಿ ಬೂಷ್ಟಿನ ಬಲೆ, ತೊಡೆಯ ಮೇಲೆ ಮಸುಕು ಮಸುಕಾದ ಮಗು. ಕುತ್ತಿಗೆಯ ದಾರ ಈಗ ಅರಿಶಿನದ್ದೇ ಆಗಿತ್ತು. ಶುಕ್ರವಾರದ ಅಮ್ಮನ ಮುಖ ಹಾಗೇ ಇರುತ್ತಿತ್ತು.

"ಇದನ್ನು ಗೋಡೆಗೆ ಹಾಕುವ ಹಾಗಿಲ್ಲ ಅತ್ತೆ," ಹುಡುಗಿ ಎಚ್ಚರಿಸಿದಳು. ಮೂಡಿಸಿದ ಬೆಳಕೇ ಅದನ್ನು ಅಳಿಸುತ್ತದೆ, ನಿಲ್ಲಿಸುವ ಮದ್ದಿಲ್ಲ. ಕತ್ತಲಲ್ಲಿಟ್ಟು, ನೋಡಬೇಕೆನಿಸಿದಾಗ ಮಾತ್ರ ತೆಗೆಯಬೇಕು.

ತಿಥಿ ನಮ್ಮ ಮನೆಯಲ್ಲೇ ಆಯಿತು. ತಮ್ಮ ಬಂದ, ಮುಖ ಬಿಗಿದುಕೊಂಡೇ ಬಂದ. ಎಡೆಯ ಮುಂದೆ ನಾನು ಅರಿಶಿನದ ಚಿತ್ರವನ್ನು ಮಣೆಯ ಮೇಲಿಟ್ಟೆ. ಅವನು ಬಗ್ಗಿ ನೋಡಿದ. ಎಷ್ಟೋ ಹೊತ್ತು ನೋಡಿದ. ಊಟವಾದ ಮೇಲೆ ಜಗುಲಿಯಲ್ಲಿ ಕೂರಿಸಿಕೊಂಡು ಹುಳುವಿನ ರೋಗ, ಅಡವಿಟ್ಟ ಸರ, ಬೆಳ್ಳಗಾಗುತ್ತಿದ್ದ ದಾರ ಎಲ್ಲ ಹೇಳಿದೆ. ಐವತ್ತು ವರ್ಷ ಅವನಿಗೆ ಇದನ್ನೇಕೆ ಹೇಳಲಿಲ್ಲ ಎಂದು ಈಗ ನನ್ನನ್ನೇ ಕೇಳಿಕೊಳ್ಳುತ್ತೇನೆ. ಅಮ್ಮನ ಬಡತನ ಬಚ್ಚಿಡುತ್ತಿದ್ದೇನೆ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಅಮ್ಮನನ್ನೇ ನನ್ನೊಬ್ಬಳಿಗೆ ಇಟ್ಟುಕೊಂಡಿದ್ದೆ.

ಎರಡು ತಿಂಗಳಾದ ಮೇಲೆ ಚಿಕ್ಕಬಳ್ಳಾಪುರಕ್ಕೆ ಅವನ ಮನೆಗೆ ಹೋದೆ. ನಡುಮನೆಯ ಗೋಡೆಯ ಮೇಲೆ ಆ ದೊಡ್ಡ ಚಿತ್ರ ಇದ್ದೇ ಇತ್ತು. ಅದೇ ಹಾಲಿನ ಬಣ್ಣ, ಅದೇ ಕಾಸಿನ ಸರ; ಮೇಲೆ ಒಂದು ಮಲ್ಲಿಗೆ ಹಾರ. ನನ್ನ ಕಣ್ಣು ಅಲ್ಲೇ ನಿಂತದ್ದನ್ನು ತಮ್ಮ ಗಮನಿಸಿದ.

"ಸರ ತೆಗೆಸಿಬಿಡೋಣ ಅಂದ್ಕೊಂಡೆ ಅಕ್ಕ," ಎಂದ. "ಆಮೇಲೆ ಇರ್ಲಿ ಅನ್ನಿಸ್ತು. ಆಗಂತೂ ಬಿಡಿಸಿಕೊಡೋಕೆ ಯಾರಿಂದಲೂ ಆಗ್ಲಿಲ್ಲ."

ನಾನು ಬೊಂಬೆ ಎಂದು ಹಳಿದಿದ್ದ ಚಿತ್ರ ಅದು. ಅದರ ಮುಂದೆ ನಿಂತು ಕೈ ಮುಗಿದೆ. ಕಾಸಿನ ಸರ ಚೆನ್ನಾಗಿಯೇ ಒಪ್ಪುತ್ತಿತ್ತು.

ಗಾಜಿಗೆ ಅಂಟಿದ ಹಳೆಯ ಫೋಟೋವನ್ನು ಹಾಗೆಯೇ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಆವಿ ತಾಗದ ಕೋಣೆಯ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಅರಿಶಿನದ ಅಮ್ಮ ಬೀರುವಿನಲ್ಲಿ, ಮದುವೆ ಸೀರೆಯ ಮಡಿಕೆಯೊಳಗೆ ಇದ್ದಾಳೆ. ಈ ವರ್ಷ ತಿಥಿಗೆ ತೆಗೆದಾಗ ಒಂದಿಷ್ಟು ಮಾಸಿದ್ದಳು. ಅದನ್ನು ಕಂಡು ತಮ್ಮ ಗಾಬರಿಯಾಗಿ, "ಹೀಗೇ ಹೋಗ್ತಾ ಹೋಗ್ತಾ ಪೂರ್ತಿ ಅಳಿಸಿಹೋದ್ರೆ ಏನಕ್ಕ ಮಾಡೋದು?" ಎಂದು ಕೇಳಿದ.

"ಅಮ್ಮ ಏನು ಮಾಡ್ತಿದ್ದಳೋ ಅದೇ," ಎಂದೆ. "ಮತ್ತೆ ಅರಿಶಿನ ಹಚ್ಚಿದರಾಯಿತು."